ಗಂಡು ಕರುವಿನ ಲೆಕ್ಕ

ನಮ್ಮ ಕೊಟ್ಟಿಗೇಲಿ ಈಗ ಏಳು ರಾಸು ಇವೆ. ಮೂರು ನಾವು ಸಾಕಿದ ಹಸು. ಉಳಿದ ನಾಲ್ಕು ಎಚ್.ಎಫ್. ಗಂಡು ಕರು, ಒಂದೂ ನಮ್ಮ ಹಸು ಹಾಕಿದ್ದಲ್ಲ. ಒಂದು ಹೆದ್ದಾರಿ ಪಕ್ಕದ ಡಾಬಾ ಹಿಂದೆ ಸಿಕ್ಕಿದ್ದು, ಒಂದು ಕೆರೆ ಏರಿ ಮೇಲೆ. ಇನ್ನೆರಡನ್ನು ರಾತ್ರಿ ಹೊತ್ತು ಯಾರೋ ನಮ್ಮ ತೋಟದ ಗೇಟಿನ ಹತ್ತಿರವೇ ಇಳಿಸಿ ಹೋದರು. ನೋಡಿದವರು ಪುಣ್ಯದ ಕೆಲಸ ಅಂತಾರೆ. ಪುಣ್ಯದ ಮಾತು ಆಮೇಲಿರಲಿ, ಮೊದಲು ಲೆಕ್ಕ ಹೇಳ್ತೀನಿ. ಯಾಕಂದ್ರೆ ಈ ಕರುಗಳನ್ನು ಬೀದಿಗೆ ತಂದಿದ್ದೂ ಲೆಕ್ಕವೇ.

ನಮ್ಮ ತುಮಕೂರು ಕಡೆ ಹೈನುಗಾರಿಕೆ ಮಾಡೋ ಮನೆಗಳಲ್ಲಿ ಹೆಚ್ಚು ಅಂದ್ರೆ ಎರಡೋ ಮೂರೋ ಹಸು. ಹುಟ್ಟೋ ಕರುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು. ಹುಟ್ಟಿದಾಗ 30 ಕೆಜಿ ತೂಗುವ ಕರುವಿಗೆ ದಿನಕ್ಕೆ ತೂಕದ ಹತ್ತನೇ ಒಂದು ಭಾಗ, ಅಂದ್ರೆ 3 ಲೀಟರ್ ಹಾಲು ಬೇಕು. ಲೀಟರಿಗೆ 35 ರೂಪಾಯಿ ಅಂತ ಹಿಡಿದರೂ ದಿನಕ್ಕೆ 105 ರೂಪಾಯಿ. ಎರಡು ತಿಂಗಳಿಗೆ 6,300. ಹೆಣ್ಣು ಕರುವಾದ್ರೆ ಈ ದುಡ್ಡು ಮುಂದೆ ಹಾಲಾಗಿ ವಾಪಸ್ ಬರುತ್ತೆ. ಗಂಡು ಕರುವಿಂದ ಏನು ಬರುತ್ತೆ? ಹಳ್ಳಿಕಾರ್ ಹೋರಿಯಾದ್ರೆ ಉಳುಮೆಗೆ, ಗಾಡಿಗೆ ಆಗುತ್ತೆ, ಜಾತ್ರೇಲಿ ಬೆಲೆಯೂ ಉಂಟು. ಎಚ್.ಎಫ್.ಗೆ ನೊಗ ನಿಲ್ಲೋಕೆ ಹಿಣಿಲೇ ಇಲ್ಲ. ಬಿಸಿಲಿಗೆ ಬೇಗ ಏದುಸಿರು ಬಿಡುತ್ತೆ. ಸಾಲದ್ದಕ್ಕೆ ಉಳೋಕೆ ಟ್ರ್ಯಾಕ್ಟರ್ ಬಂದಿದೆ.

ಮೊದಲು ಸಂತೆ ವ್ಯಾಪಾರಿಗಳು ಮನೆ ಬಾಗಿಲಿಗೇ ಬಂದು ಸಿಕ್ಕಿದ ಬೆಲೆಗೆ ಹಿಡ್ಕೊಂಡು ಹೋಗ್ತಿದ್ರು. 2021ರಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಗೆ ಬಂತು. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೆ ಯಾವ ದನವನ್ನೂ ಕಡಿಯೋ ಹಾಗಿಲ್ಲ, ಶಿಕ್ಷೆ 3ರಿಂದ 7 ವರ್ಷ ಜೈಲು. ಆಮೇಲೆ ನಮ್ಮೂರಿಗೆ ವ್ಯಾಪಾರಿ ಬರೋದು ನಿಂತುಹೋಯ್ತು. ಕಾಯ್ದೆ ಸರಿಯೋ ತಪ್ಪೋ ಅನ್ನೋ ವಾದ ಇಲ್ಲಿ ಬೇಡ. ಹುಟ್ಟಿದ ಗಂಡು ಕರು ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಮಾತ್ರ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಾಗೆ ಉತ್ತರ ಇಲ್ಲದ ಕರುಗಳೇ ಈಗ ರಸ್ತೆ ಬದಿ ನಿಂತಿರೋದು.

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗೋದೂ ಅಪರಾಧವೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೇಲಿ ಅದಿದೆ. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಈಗಿನ ಎರಡು ಲೀಟರ್ ಹಾಲಿನ ಬೆಲೆಯೂ ಇಲ್ಲ.

ಬೀದೀಲಿ ಇಂಥ ಕರು ಸಿಕ್ಕಾಗ ಜನ ಮಾಡೋ ಮೊದಲ ಕೆಲಸ ಬಾಯಿಗೆ ಹಾಲು ಸುರಿಯೋದು. ದಯವಿಟ್ಟು ಹಾಗೆ ಮಾಡಬೇಡಿ. ಮಲಗಿರೋ, ನಿತ್ರಾಣವಾದ ಕರುವಿಗೆ ಸುರಿದ ಹಾಲು ಶ್ವಾಸಕೋಶಕ್ಕೆ ಹೋಗುತ್ತೆ, ನ್ಯುಮೋನಿಯಾ ಆಗುತ್ತೆ. ಮೊದಲು ನೆರಳಿಗೆ ತನ್ನಿ, ಮೈ ಒದ್ದೆಯಿದ್ರೆ ಗೋಣಿಚೀಲದಿಂದ ಒರೆಸಿ, ಚಳಿಗಾಲವಾದ್ರೆ ಹೊದಿಸಿ. ಕೈ ತೊಳೆದು ಬಾಯೊಳಗೆ ಬೆರಳಿಟ್ಟು ನೋಡಿ. ಬೆರಳು ಚೀಪಿದ್ರೆ ಬಾಟಲಿ ನಿಪ್ಪಲ್‌ನಲ್ಲಿ ಕುಡಿಸಬಹುದು, ತಲೆ ತಾಯಿ ಕೆಚ್ಚಲಿನ ಎತ್ತರಕ್ಕೆ ಇರಲಿ. ಬಾಯಿ ತಣ್ಣಗಿದ್ದು ಚೀಪದೇ ಇದ್ರೆ, ಕಣ್ಣು ಗುಳಿ ಬಿದ್ದಿದ್ರೆ, ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೇ ನಿಂತ್ರೆ ಅದು ನಿಮ್ಮ ಕೈಯಲ್ಲಿ ಆಗೋ ಕೆಲಸವಲ್ಲ, ಡ್ರಿಪ್ ಬೇಕು. 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ನಂಬರ್ ಅದು. ಬರೀ ಭೇದಿ ಇದ್ದು ಚೀಪೋ ಶಕ್ತಿ ಇದ್ರೆ ಕಾಯಿಸಿ ಆರಿಸಿದ ನೀರಿಗೆ ಓಆರ್‌ಎಸ್ ಪೊಟ್ಟಣ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಅಷ್ಟರಲ್ಲಿ ಡಾಕ್ಟರಿಗೆ ತೋರಿಸಿ. ಹೊಕ್ಕುಳು ನೋಡೋದು ಮರೀಬೇಡಿ. ಎಷ್ಟೋ ಕರುಗಳಿಗೆ ಅಲ್ಲಿ ಹುಳ ಬಿದ್ದಿರುತ್ತೆ. ಮತ್ತೆ, ತಂದ ಕರುವನ್ನು ಮೂರು ವಾರ ನಿಮ್ಮ ದನಗಳ ಜೊತೆ ಕಟ್ಟಬೇಡಿ. 2022ರಲ್ಲಿ ಚರ್ಮಗಂಟು ರೋಗ ಹೇಗೆ ಊರಿಂದ ಊರಿಗೆ ಹರಡ್ತು ಅನ್ನೋದನ್ನ ನಾವೆಲ್ಲ ಕಣ್ಣಾರೆ ಕಂಡಿದ್ದೀವಿ.

ಇಷ್ಟೆಲ್ಲ ಮಾಡಿದ್ರೂ ಎಲ್ಲವೂ ಬದುಕಲ್ಲ. ನಾಲ್ಕು ಕರು ಅಂದೆನಲ್ಲ, ನಿಜಕ್ಕೂ ತಂದಿದ್ದು ಐದು. ಐದನೇದು ಹೊಕ್ಕುಳು ಬಳ್ಳಿ ಇನ್ನೂ ಒಣಗದ ಕರು. ಡ್ರಿಪ್ ಹಾಕಿಸಿದ್ವಿ, ಇಂಜೆಕ್ಷನ್ ಕೊಡಿಸಿದ್ವಿ, ನಮ್ಮವ್ವ ಎರಡು ರಾತ್ರಿ ಪಕ್ಕದಲ್ಲೇ ಕೂತಿದ್ಲು. ಮೂರನೇ ದಿನ ಹೋಯ್ತು. ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆಯೇ "ಗಿಣ್ಣು ಹಾಲು ಕುಡಿದಿತ್ತಾ?" ಅಂತ. ಹಸುವಿನ ಹೊಟ್ಟೇಲಿ ಇರೋವಾಗ ಕರುವಿಗೆ ರೋಗನಿರೋಧಕ ಶಕ್ತಿ ತಾಯಿಂದ ಬರಲ್ಲ, ಅದು ಬರೋದು ಗಿಣ್ಣು ಹಾಲಿನಿಂದಲೇ. ಅದನ್ನ ಹೀರಿಕೊಳ್ಳೋ ಶಕ್ತಿ ಹುಟ್ಟಿದ ಗಂಟೆಯಿಂದಲೇ ಕಮ್ಮಿಯಾಗ್ತಾ ಬಂದು ಒಂದು ದಿನದೊಳಗೆ ಮುಗಿದುಹೋಗುತ್ತೆ. ಗಂಡು ಅಂತ ಗೊತ್ತಾದ ತಕ್ಷಣ ಗಿಣ್ಣು ಕೂಡ ಕೊಡದೆ ಬಿಟ್ಟ ಕರುವನ್ನು ಆಮೇಲೆ ಯಾವ ಔಷಧಿ ಉಳಿಸೋದೂ ಕಷ್ಟ. ಆ ಗಿಣ್ಣನ್ನ ಡೈರೀಲೂ ತಗೊಳಲ್ಲ. ಮನೇಲಿ ಕಾಯಿಸಿ ತಿಂತೀವಿ, ನೆಂಟರಿಗೆ ಹಂಚ್ತೀವಿ. ಕರುವಿಗೆ ಕೊಡೋಕೆ ಮಾತ್ರ ಲೆಕ್ಕ ಅಡ್ಡ ಬರುತ್ತೆ.

ಬದುಕಿದ ಕರುವಿನ ಕತೆ ಬೇರೆ. ಎರಡು ತಿಂಗಳ ಹಾಲು ದಾಟಿತು ಅಂದ್ರೆ ಮುಂದೆ ಸೀಮೆ ಹುಲ್ಲು, ರಾಗಿ ಹುಲ್ಲು, ಒಂದು ಹಿಡಿ ಬೂಸಾ, ಹೊತ್ತಿಗೆ ಜಂತಿನ ಔಷಧಿ. ನಾಲ್ಕು ತಿಂಗಳಾದ ಮೇಲೆ ಕಾಲುಬಾಯಿ ಲಸಿಕೆ. ವರ್ಷ ತುಂಬೋದ್ರೊಳಗೆ ಬೀಜ ಒಡೆಸಬೇಕು, ಇಲ್ಲಾಂದ್ರೆ ಹಗ್ಗ ಹಿಡಿಯೋಕಾಗಲ್ಲ. ಆದಾಯ ಅಂದ್ರೆ ಸಗಣಿ, ಗಂಜಲ. ನಮ್ಮ 2 ಘನ ಮೀಟರಿನ ಗೋಬರ್ ಗ್ಯಾಸಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಮೂರು ಹಸುವಿಂದ ಸಾಲ್ತಿರಲಿಲ್ಲ, ಈಗ ಸಾಲ್ತಿದೆ. ಅಡಿಕೆ ಗಿಡಕ್ಕೆ ಗೊಬ್ಬರ ಕೊಳ್ಳೋದು ನಿಂತಿದೆ. ಹಾಗಂತ ಇದು ಲಾಭ ಅಂತ ನಾನು ಸುಳ್ಳು ಹೇಳಲ್ಲ. ಹುಲ್ಲಿನ ಖರ್ಚು ಅರ್ಧ ಹುಟ್ಟುತ್ತೆ ಅಷ್ಟೆ.

ನಿಜವಾದ ಕಷ್ಟ ಇರೋದು ಗೇಟಿನ ಹತ್ತಿರ. ಒಬ್ಬ ಸಾಕ್ತಾನೆ ಅಂತ ಸುದ್ದಿಯಾದ್ರೆ ಬಿಟ್ಟು ಹೋಗೋರಿಗೆ ದಾರಿ ಸಿಕ್ಕಂಗೆ. ಈ ವರ್ಷ ಉಗಾದಿ ಕಳೆದ ಮೇಲೆ ಪಕ್ಕದೂರಿನ ಹಿರಿಯರೊಬ್ಬರು ಮೊಪೆಡ್ಡಿನ ಮುಂದೆ ಗೋಣಿಚೀಲದಲ್ಲಿ ಕರು ಇಟ್ಕೊಂಡು ಹಗಲಲ್ಲೇ ಬಂದ್ರು.

"ನೀನೇ ಸಾಕ್ಕೊಳಪ್ಪ, ನಿಂಗೆ ಪುಣ್ಯ ಬರುತ್ತೆ."

"ಜಾಗ ಇಲ್ಲ ಅಣ್ಣ, ಹುಲ್ಲೂ ಇಲ್ಲ."

"ಹಂಗಾದ್ರೆ ಹೊಳೆ ಹತ್ರ ಬಿಡ್ಬೇಕಾಗುತ್ತೆ ಕಣಪ್ಪ."

ಈ ಮಾತಿಗೆ ಸೋತು ಹಗ್ಗ ಹಿಡ್ಕೊಂಡ್ರೆ ವಾರಕ್ಕೊಂದು ಕರು ಬರುತ್ತೆ, ಇರೋ ನಾಲ್ಕೂ ಅರೆಹೊಟ್ಟೇಲಿ ನಿಲ್ಲುತ್ವೆ. ಅದಕ್ಕೆ ನಾನೊಂದು ಮಾತು ಹೇಳಿದೆ: "ಎರಡು ತಿಂಗಳು ನೀವೇ ಹಾಲು ಕುಡಿಸಿ. ಬಾಟಲಿ, ಜಂತಿನ ಔಷಧಿ ನಾನು ಕೊಡ್ತೀನಿ. ಆಮೇಲೆ ಜೊತೆಗೊಂದು ಗಾಡಿ ರಾಗಿ ಹುಲ್ಲು ಹೊಡ್ಕೊಂಡು ಬನ್ನಿ, ಜಾಗ ಮಾಡ್ತೀನಿ." ಬೈಕೊಂಡೇ ಹೋದ್ರು. ಆ ರಾತ್ರಿ ನಮ್ಮವ್ವ ನನ್ನ ಜೊತೆ ಮಾತಾಡಲಿಲ್ಲ. ಎರಡು ದಿನ ಬಿಟ್ಟು ಅವರ ಮಗ ಬಂದು ಬಾಟಲಿ ಕೇಳಿ ಇಸ್ಕೊಂಡು ಹೋದ. ಎರಡು ತಿಂಗಳು ಕಳೆದರೂ ಕರು ತರಲಿಲ್ಲ. ಹೋಗಿ ನೋಡಿದ್ರೆ ಅವರ ಕೊಟ್ಟಿಗೇಲೇ ಹುಲ್ಲು ಮೇಯ್ತಾ ನಿಂತಿತ್ತು. "ಮೊಮ್ಮಗಳು ಬಿಡಲ್ಲ ಅಂತಾಳೆ" ಅಂದ್ರು. ಎಲ್ಲರ ಹತ್ತಿರವೂ ಹೀಗಾಗುತ್ತೆ ಅಂತಲ್ಲ. ಇದೇ ಮಾತು ಕೇಳಿ ಗಾಡಿ ತಿರುಗಿಸಿಕೊಂಡು ಹೋದೋರೂ ಇಬ್ಬರಿದ್ದಾರೆ. ಆದ್ರೂ ಎರಡು ತಿಂಗಳು ಕೈಯಾರೆ ಹಾಲು ಕುಡಿಸಿದ ಕರುವನ್ನು ಹೊಳೆ ಹತ್ತಿರ ಬಿಡೋದು ಯಾರಿಗೂ ಸುಲಭವಲ್ಲ. ನನ್ನ ಷರತ್ತಿನ ಗುಟ್ಟು ಅಷ್ಟೇ.

ಬೇರಿನ ಕೆಲಸ ಇನ್ನೂ ಹಿಂದೆ ಇದೆ. ಹಸು ಬೆದೆಗೆ ಬಂದಾಗ ಹಾಕಿಸೋ ಇಂಜೆಕ್ಷನ್‌ನಲ್ಲೇ ಈಗ ಹೆಣ್ಣು ಕರು ಹುಟ್ಟೋ ಹಾಗೆ ಬೇರ್ಪಡಿಸಿದ ಸೆಮೆನ್ ಬಂದಿದೆ. ನೂರಕ್ಕೆ 90ರಷ್ಟು ಹೆಣ್ಣೇ ಹುಟ್ಟುತ್ತೆ. ಮಾಮೂಲಿಗಿಂತ ದುಬಾರಿ, ಗರ್ಭ ಕಟ್ಟೋದು ಸ್ವಲ್ಪ ಕಮ್ಮಿ. ಮೊದಲ ಸಲ ಗರ್ಭ ಕಟ್ಟಿಸೋ ಆರೋಗ್ಯವಂತ ಕಡಸುಗಳಲ್ಲಿ ಚೆನ್ನಾಗಿ ನಿಲ್ಲುತ್ತೆ. ಆದ್ರೆ ದುಬಾರಿ ಅನ್ನೋ ಮುಂಚೆ ಆ 6,300 ರೂಪಾಯಿ ನೆನಪು ಮಾಡ್ಕೊಳ್ಳಿ. ನಿಮ್ಮೂರಿನ ಪಶು ಆಸ್ಪತ್ರೇಲಿ, ಹಾಲಿನ ಸಂಘದಲ್ಲಿ ಕೇಳಿ. ಇಲ್ಲ ಅಂದ್ರೆ ತರಿಸಿ ಅಂತ ನಾಲ್ಕು ಜನ ಸೇರಿ ಕೇಳಿ.

ಅಷ್ಟಾದ್ರೂ ನೂರಕ್ಕೆ ಹತ್ತು ಗಂಡು ಹುಟ್ಟುತ್ವೆ. ತೋಟ ಇರೋರು, ಹುಲ್ಲು ಇರೋರು ಮನೆಗೊಂದು ಕಟ್ಟಿಕೊಂಡ್ರೆ ಅವಕ್ಕೆ ಜಾಗ ಸಿಗುತ್ತೆ. ಕಟ್ಟೋಕಾಗಲ್ಲ ಅನ್ನೋರು ಕೊನೇಪಕ್ಷ ಗಿಣ್ಣು ಹಾಲಾದ್ರೂ ಹೊಟ್ಟೆ ತುಂಬ ಕುಡಿಸಿ.