ಕೆಂಗೇರಿಯಲ್ಲೊಂದು ಸೂರು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ಹಿರಿಯರು ನಿವೇಶನ ಹುಡುಕುವ ಬವಣೆಯನ್ನು ಏಕೆ ಬಿಟ್ಟರೋ! ಅವರ ಕಾಲದಲ್ಲಿ ನೆಲಕ್ಕೆ ಬರವಿರಲಿಲ್ಲವೆಂದು ತೋರುತ್ತದೆ. ಇಂದು ಸಂಬಳವನ್ನೇ ನಂಬಿದ ಗೃಹಸ್ಥನಿಗೆ ಬೆಂಗಳೂರಿನ ಮಲ್ಲೇಶ್ವರ, ಜಯನಗರಗಳು ನೋಡಿ ಸಂತೋಷಪಡುವ ಬಡಾವಣೆಗಳೇ ಹೊರತು ಕೊಳ್ಳುವಂಥವಲ್ಲ. ಆತನ ದೃಷ್ಟಿ ನಗರದ ಅಂಚಿಗೆ ಹರಿಯುತ್ತದೆ. ಅದರಲ್ಲಿ ಸಂಕೋಚಪಡುವಂಥದೇನೂ ಇಲ್ಲ. 1898ರ ಪ್ಲೇಗಿನ ತರುವಾಯ ಬಸವನಗುಡಿಯಲ್ಲಿ ನೆಲೆಸಿದವರೂ ಪೇಟೆಯ ನಂಟರ ಕಣ್ಣಿಗೆ ಕಾಡಿಗೆ ಹೊರಟವರಂತೆಯೇ ಕಂಡಿರಬೇಕು.

ವಿಜಯನಗರದ ಬಾಡಿಗೆ ಮನೆಯ ದಂಪತಿಗಳು ಒಂದು ಭಾನುವಾರ ಕೆಂಗೇರಿಯಲ್ಲಿ ಇಳಿದರು. ಊರಿನ ಎರಡೆಕರೆ ಮಾರಿದ ಹಣ ಅವರ ಕೈಯಲ್ಲಿತ್ತು. ಇನ್ನೊಮ್ಮೆ ಕೂಡುವ ಹಣವಲ್ಲ.

ಮೈಸೂರು ರಸ್ತೆಯ ಈ ಹಳೆಯ ಊರು ಮಹಾನಗರದ ಪಾಲಿಕೆಗೆ ಸೇರಿದುದು 2007ರಲ್ಲಿ. ಅದರ ಅದೃಷ್ಟ ತೆರೆದುದು 2021ರ ಆಗಸ್ಟಿನಲ್ಲಿ, ಮೆಟ್ರೋ ರೈಲು ಬಂದಾಗ. ಮೆಜೆಸ್ಟಿಕ್ಕಿಗೆ ಅರ್ಧ ಗಂಟೆಯ ಆಸುಪಾಸು. 2023ರ ಅಕ್ಟೋಬರಿನಿಂದ ಬಂಡಿ ಬದಲಿಸದೆ ವೈಟ್‌ಫೀಲ್ಡಿನವರೆಗೂ ಹೋಗಬಹುದು. ನಿಲ್ದಾಣದಿಂದ ದೂರ ಸರಿದಂತೆ ನೆಲದ ಬೆಲೆ ಇಳಿಯುತ್ತದೆ, ಆಟೋದ ಖರ್ಚು ಏರುತ್ತದೆ. ದಳ್ಳಾಳಿಯ "ಹತ್ತೇ ನಿಮಿಷ" ಎಂಬ ಮಾತನ್ನು ಕಾಲಿನಿಂದಲೇ ಅಳೆಯತಕ್ಕದ್ದು. ಅವರು ಅಳೆದರು, ಮೂವತ್ತೆರಡು ನಿಮಿಷವಾಯಿತು.

ಮೂವತ್ತು ನಲವತ್ತರ ನಿವೇಶನ, ಪೂರ್ವಕ್ಕೆ ಬಾಗಿಲು, ಬೆಲೆಯೂ ಹಗುರ. ಯಜಮಾನರು ಆಗಲೇ ಮನಸ್ಸಿನಲ್ಲಿ ತೆಂಗಿನ ಸಸಿ ನೆಟ್ಟಿದ್ದರು. ಆಕೆ ಮಾತ್ರ, "ಕಾವೇರಿ ಬರುತ್ತದೆಯೇ?" ಎಂದು ಕೇಳಿದಳು. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಅಂಚಿನ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯ್ದುದನ್ನು ಯಾವ ಗೃಹಿಣಿ ಮರೆತಾಳು? ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. ಆದರೆ ಯೋಜನೆ ಬೇರೆ, ಮನೆಯ ನಲ್ಲಿ ಬೇರೆ. ದಳ್ಳಾಳಿ ಉತ್ತರಿಸದೆ ದೂರದ ಗುಡ್ಡವನ್ನು ನೋಡಿದ.

ಬೆಲೆ ಹಗುರವಾದುದರ ಗುಟ್ಟು ಕಾಗದದಲ್ಲಿ ಹೊರಬಿತ್ತು. ಅದು ರೆವಿನ್ಯೂ ಸೈಟು: ಭೂಪರಿವರ್ತನೆಯಿಲ್ಲದೆ, ನಕ್ಷೆಗೆ ಮಂಜೂರಾತಿಯಿಲ್ಲದೆ ತುಂಡರಿಸಿದ ಹೊಲ. ಇಂಥ ನೆಲಕ್ಕೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ಉಳಿತಾಯವೆಲ್ಲ ಮುಂದೆ ಕಚೇರಿಗಳ ಮೆಟ್ಟಿಲಿನಲ್ಲಿ ಕರಗೀತು. ಯಜಮಾನರ ತೆಂಗಿನ ಸಸಿ ಅಲ್ಲಿಗೇ ಬಾಡಿತು.

ಉಪನಗರದ ಹಳೆಯ ಬೀದಿಯಲ್ಲಿ ಚಿಕ್ಕ ಮನೆಯೊಂದು ಮಾರಾಟಕ್ಕಿತ್ತು. ನಿವೇಶನ ಕಿರಿದು, ಗೋಡೆಗೆ ಸುಣ್ಣಬಣ್ಣ ಬೇಕು. ಆದರೆ ಖಾತೆ, ಋಣಭಾರ ಪತ್ರಗಳೆಲ್ಲ ಸರಿಯಾಗಿದ್ದವು, ನಲ್ಲಿಯಲ್ಲಿ ನೀರಿತ್ತು. ಮುಂದಿನ ಗೇಟಿನ ಅಜ್ಜಿ ಕೇಳದೆಯೇ ಕಾಫಿ ಕೊಟ್ಟರು. ಹೋಗುವಾಗ ಮೆಲ್ಲಗೆ, "ಹೊಳೆಯ ವಾಸನೆಯೊಂದಿದೆಯಮ್ಮ" ಎಂದರು.

ಹೊಳೆಯೆಂದರೆ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂಬ ಪ್ರತೀತಿಯುಳ್ಳವಳು, ಇಂದು ನಗರದ ಕೊಳೆಯನ್ನೆಲ್ಲ ಹೊತ್ತು ಕೆಂಗೇರಿಯತ್ತ ಬರುತ್ತಾಳೆ. ಹಳೆಯ ಬಡಾವಣೆಗಳು ಹೊಸ ಬಡಾವಣೆಗಳಿಗೆ ಕಳುಹಿಸುವ ಉಡುಗೊರೆ!

ಹಿಂದಿರುಗುವ ರೈಲಿನಲ್ಲಿ ಯಜಮಾನರು ಮುಂಗಡದ ಮಾತೆತ್ತಿದರು.

"ಅವಸರ ಬೇಡ ಅಂದ್ರೆ. ಗುರುವಾರ ಸಂಜೆ ಅತ್ತೆಯನ್ನೂ ಕರೆದುಕೊಂಡು ಬರೋಣ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ನೋಡಬೇಕು" ಎಂದಳು ಆಕೆ.