ಉಪ್ಪಿನ ಮನೆ, ಬಂಡೆಯ ಗೋರಿ

ಈಜಿಪ್ಟ್ ನೋಡಲು ಹೊರಟವರೆಲ್ಲ ನೈಲ್ ನದಿಯನ್ನೇ ಹಿಡಿದು ಹೋಗುತ್ತಾರೆ. ಬೇಡ ಅನ್ನುವುದಿಲ್ಲ, ಪಿರಮಿಡ್ಡು ನೋಡಲೇಬೇಕು. ಆದರೆ ಕೈಯಲ್ಲಿ ನಾಲ್ಕು ದಿನ ಉಳಿದಿದ್ದರೆ ಸಿವಾಕ್ಕೆ ಹೋಗಿ ಬನ್ನಿ ಎಂದು ಸಿಕ್ಕವರಿಗೆಲ್ಲ ಹೇಳುವವನು ನಾನು. ಲಿಬಿಯಾ ಗಡಿಗೆ ಸುಮಾರು 50 ಕಿಲೋಮೀಟರ್ ಈಚೆ ಇರುವ ಓಯಸಿಸ್ ಊರು ಅದು. ಮೆಡಿಟರೇನಿಯನ್ ದಡದ ಮರ್ಸಾ ಮತ್ರೂಹ್‌ನಿಂದ ಸುಮಾರು 300 ಕಿಲೋಮೀಟರ್ ಬೋಳು ಬಯಲು. ನೋಡಿ ನೋಡಿ ಕಣ್ಣು ಸೋಲುವ ಹೊತ್ತಿಗೆ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿಳಿದು, ಖರ್ಜೂರದ ತೋಪು, ಆಲಿವ್ ಮರ, ಉಪ್ಪುನೀರಿನ ಕೆರೆ ಎಲ್ಲ ಒಟ್ಟಿಗೇ ಎದುರಾಗುತ್ತವೆ.

ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಕೂಡ ಇಲ್ಲಿಗೆ ಬಂದಿದ್ದ, ಅಮೋನ್ ದೇವರ ಕಣಿ ಕೇಳಲು. ಮರಳಿನಲ್ಲಿ ದಾರಿ ತಪ್ಪಿದಾಗ ಕಾಗೆಗಳು ಮುಂದೆ ಹಾರಿ ದಾರಿ ತೋರಿದವೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಕಣಿ ಹೇಳಿದ ಆ ಗುಡಿಯ ಗೋಡೆಗಳು ಅಘೂರ್ಮಿಯ ದಿಬ್ಬದ ಮೇಲೆ ಇವತ್ತಿಗೂ ನಿಂತಿವೆ.

ನನ್ನ ಮನಸ್ಸು ನೆಟ್ಟದ್ದು ಮಾತ್ರ ಊರಿನ ಮನೆಗಳಲ್ಲಿ. ಕೆರೆಯಂಚಿನ ಉಪ್ಪುಗಟ್ಟಿದ ಮಣ್ಣಿನ ಹೆಂಟೆಗೆ ಅಲ್ಲಿಯವರು ಕರ್ಶೆಫ್ ಎನ್ನುತ್ತಾರೆ. ಅದನ್ನೇ ಪೇರಿಸಿ, ಜೇಡಿಮಣ್ಣು ಮೆತ್ತಿ, ಖರ್ಜೂರದ ಮರದ ತೊಲೆ ಹೊದಿಸಿ ಶಾಲಿ ಎಂಬ ಕೋಟೆಯೂರನ್ನು ಅಂತಸ್ತಿನ ಮೇಲೆ ಅಂತಸ್ತು ಎಬ್ಬಿಸಿದ್ದರು. ಬಿಸಿಲಿಗೆ ಕಲ್ಲಿನಷ್ಟು ಗಟ್ಟಿ. ಮಳೆ ಬಂದರೆ ಕರಗಿತು. 1926ರಲ್ಲಿ ಮೂರು ದಿನ ಬಿಡದೆ ಸುರಿದ ಮಳೆಗೆ ಶಾಲಿ ಕುಸಿಯಿತು, ಜನ ಕೆಳಗಿಳಿದು ಬೇರೆ ಮನೆ ಕಟ್ಟಿಕೊಂಡರು. ಮಳೆಗಾಗಿ ಹರಕೆ ಹೊರುವ ಸೀಮೆಯಿಂದ ಹೋದ ನನಗೆ, ಕರಗಿ ನಿಂತ ಆ ಗೋಡೆಗಳ ನಡುವೆ ನಡೆಯುವಾಗ ಎದೆ ಭಾರವಾಯಿತು.

ಸತ್ತವರಿಗೆ ಮಾತ್ರ ಅಲ್ಲಿಯವರು ಬಂಡೆಯನ್ನೇ ಕೊರೆದರು. ಗೆಬೆಲ್ ಅಲ್ ಮೌತಾ ಎಂಬ ಗುಡ್ಡದ ಮೈತುಂಬ ಗೋರಿಗಳ ಬಾಯಿಗಳು. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಇಟಲಿಯ ವಿಮಾನಗಳು ಬಾಂಬು ಹಾಕತೊಡಗಿದಾಗ ಊರಿನವರು ಮಕ್ಕಳುಮರಿ ಕಟ್ಟಿಕೊಂಡು ಓಡಿಬಂದದ್ದು ಈ ಗೋರಿಗಳಿಗೇ. ಇರಲು ಜಾಗ ಬೇಕೆಂದು ಅಗೆಯುತ್ತ ಹೋದಂತೆ ಅದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ಗೋರಿಗಳು ತೆರೆದುಕೊಂಡವು. ಅವುಗಳಲ್ಲೊಂದು ಸಿ-ಅಮುನ್‌ನದು.

ಗೋಡೆಯ ಚಿತ್ರದಲ್ಲಿ ಈತನನ್ನು ಹತ್ತಿರದಿಂದ ನೋಡಬೇಕು. ಗುಂಗುರು ಕೂದಲು, ಕಪ್ಪು ಗಡ್ಡ. ನೋಟಕ್ಕೆ ಅಪ್ಪಟ ಗ್ರೀಕ. ಬಳಿಯಲ್ಲಿರುವ ಹುಡುಗ ತೊಟ್ಟಿರುವುದೂ ಗ್ರೀಕರ ಗಿಡ್ಡ ನಿಲುವಂಗಿ. ಹೆಸರು ಮಾತ್ರ ಈಜಿಪ್ಟಿನದು, ಸುತ್ತ ನಿಂತ ದೇವರುಗಳೂ ಈಜಿಪ್ಟಿನವರೇ. ಒಂದು ಗೋಡೆಯಲ್ಲಿ ಆಕಾಶದೇವಿ ನುಟ್ ಅತ್ತಿಯ ಜಾತಿಯ ಮರದ ಬಳಿ ನಿಂತು ನೀರೆರೆಯುತ್ತಾಳೆ. ನಮ್ಮ ಅತ್ತಿಯ ಹಾಗೆಯೇ ಕಾಂಡಕ್ಕೇ ಗೊಂಚಲು ಗೊಂಚಲಾಗಿ ಕಾಯಿ ಬಿಡುವ ಮರ ಅದು. ಸುತ್ತ ನೂರಾರು ಮೈಲಿ ಮರಳಿರುವ ಊರಿನಲ್ಲಿ, ಸತ್ತವನಿಗೆ ಬೇಕಾದದ್ದು ನೆರಳು ಮತ್ತು ನೀರು ಎಂದು ಬರೆದವನ ಕೈಗೆ ನಾನು ಮನಸ್ಸಿನಲ್ಲೇ ಮುಗಿದೆ. ಪಕ್ಕದ ಇನ್ನೊಂದು ಗೋರಿಯಲ್ಲಿ ಹಳದಿ ಮೊಸಳೆಯೊಂದಿದೆ. ನದಿಯೇ ಇಲ್ಲದ ಊರಿಗೆ ಮೊಸಳೆ ಹೇಗೆ ಬಂತು ಅನ್ನಬೇಡಿ; ನೈಲ್ ದಡದ ಮೊಸಳೆದೇವರು ಸೊಬೆಕ್ ಭಕ್ತರ ಜೊತೆ ಎಷ್ಟು ದೂರವಾದರೂ ನಡೆಯುತ್ತಾನೆ.

ಸಿ-ಅಮುನ್‌ನ ಗೋಡೆಗಳಲ್ಲಿ ಅಲ್ಲಲ್ಲಿ ಚಿತ್ರವಿಲ್ಲ, ಬರಿ ಕಲ್ಲು. ಯುದ್ಧಕಾಲದಲ್ಲಿ ನೋಡಲು ಬಂದ ಸೈನಿಕರಿಗೆ ಮಾರಲೆಂದು ಚಿತ್ರದ ತುಂಡುಗಳನ್ನು ಕಿತ್ತ ಗುರುತು ಅದು. ಕಿತ್ತವರ ಮೇಲೆ ಸಿಟ್ಟು ಬರುತ್ತದೆ. ತಲೆಯ ಮೇಲೆ ಬಾಂಬು ಬೀಳುತ್ತಿದ್ದ ಬಡವರು ಅವರು ಎಂದು ನೆನಪಾದರೆ ಆ ಸಿಟ್ಟು ಕೊಂಡವರ ಕಡೆಗೇ ಹೆಚ್ಚು ಹೊರಳುತ್ತದೆ. ಅಲ್ಲಿ ಹೋದಾಗ ಗೋಡೆಯನ್ನು ಮಾತ್ರ ಮುಟ್ಟಬೇಡಿ. ಉಳಿದಿರುವ ಬಣ್ಣ ಅಷ್ಟೇ.