ಕೈಕಾಲು ಉಡುಗಿದಾಗ

ಹಳೆಯ ವಿದ್ಯಾರ್ಥಿನಿಯರು ನಮ್ಮನ್ನು ಕಾಣಬಂದಾಗಲೆಲ್ಲ ಒಂದು ಮಾತನ್ನು ತಪ್ಪದೆ ಆಡುತ್ತಾರೆ: ನೀವು ಯಾವುದಕ್ಕೂ ಅಂಜಿದ್ದನ್ನು ನಾವು ಕಂಡಿಲ್ಲ, ಎಂದು. ಕಿವಿಗೆ ಹಿತವಾದ ಈ ಸ್ತುತಿಯು ನಿಜವಲ್ಲವೆಂದು ಈ ಸಂಚಿಕೆಯ ಮೂಲಕ ತಿಳಿಸಬಯಸುತ್ತೇವೆ. ಆಫೀಸು ಕೋಣೆಯ ಬಾಗಿಲು ಮುಚ್ಚಿದ ಮೇಲೆ ಮುಖ್ಯೋಪಾಧ್ಯಾಯಿನಿಗೂ ಕೈಕಾಲು ಉಡುಗುವುದುಂಟು.

2020ನೆಯ ಇಸವಿಯ ಬೇಸಿಗೆಯನ್ನು ಯಾರು ಮರೆತಾರು? ಮಾರ್ಚಿ 27ರಂದು ಆರಂಭವಾಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಕೊರೋನಾ ರೋಗದ ದೆಸೆಯಿಂದ ನಿಂತುಹೋಗಿ, ಕಡೆಗೆ ಜೂನ್ 25ರಿಂದ ನಡೆಯತಕ್ಕದ್ದೆಂದು ನಿಶ್ಚಯವಾಯಿತು. ರಾಜ್ಯದಲ್ಲಿ 8 ಲಕ್ಷಕ್ಕೂ ಮಿಕ್ಕ ಮಕ್ಕಳು ಹೆಸರು ಕೊಟ್ಟಿದ್ದರು. ನಮ್ಮ ಶಾಲೆಯೂ ಒಂದು ಕೇಂದ್ರ. ಬೆಂಚುಗಳನ್ನು ದೂರ ದೂರವಿಡಬೇಕು. ಬಾಗಿಲಲ್ಲಿ ಪ್ರತಿ ಮಗುವಿನ ಮೈಕಾವನ್ನು ಅಳೆಯಬೇಕು. ಜ್ವರವಿದ್ದವರಿಗೆ ಬೇರೆ ಕೊಠಡಿ ಬೇಕು. ಊರಿಗೆ ಹೋದ ಹಾಸ್ಟೆಲಿನ ಹುಡುಗಿಯರು ಎಲ್ಲಿ ಬರೆಯುವರೆಂಬ ಲೆಕ್ಕವೂ ಸಿದ್ಧವಿರಬೇಕು. ಇವೆಲ್ಲಕ್ಕಿಂತ ಭಾರವಾದದ್ದು ತಂದೆತಾಯಿಗಳು ಫೋನಿನಲ್ಲಿ ಕೇಳುತ್ತಿದ್ದ ಒಂದೇ ಪ್ರಶ್ನೆ: “ನಮ್ಮ ಮಗು ಕ್ಷೇಮವಾಗಿ ಮನೆಗೆ ಬರುವಳೇ, ಅಮ್ಮಾ?” ಹೌದೆಂದು ಹೇಳಲು ನಮಗೆ ಅಧಿಕಾರವೆಲ್ಲಿತ್ತು?

ಒಂದು ರಾತ್ರಿ ನಿದ್ರೆ ಬಾರದೆ ಎದ್ದು, ಹಳೆಯ ಹಾಜರಿ ಪುಸ್ತಕದ ಕಡೆಯ ಹಾಳೆಯಲ್ಲಿ ಚಿಂತೆಗಳನ್ನೆಲ್ಲ ಬರೆದೆವು. ಬರೆದು ನೋಡಲು, ಕೆಲವು ನಮ್ಮ ಕೈಯ ಕೆಲಸಗಳು, ಹೆಚ್ಚಿನವು ಕೈಮೀರಿದವು. ಬೆಳಗಾದೊಡನೆ ಮಾಡಬಹುದಾದದ್ದು ಒಂದೇ: ಬೆಂಚುಗಳನ್ನು ಎಳೆಯುವುದು. ಗಣಿತದ ಅಧ್ಯಾಪಿನಿಯೂ ಆಯಮ್ಮನೂ ನಾವೂ ಕೂಡಿ ಎಳೆದೆವು. ಕಡೆಯ ಕೊಠಡಿಗೆ ಬರುವಷ್ಟರಲ್ಲಿ ಸೊಂಟ ನೋಯುತ್ತಿತ್ತು. ಎದೆಯ ಭಾರ ಮಾತ್ರ ತುಸು ಇಳಿದಿತ್ತು.

ಪ್ರವಾದಿಯಾದ ಎಲೀಯನು ಪ್ರಾಣವೇ ಬೇಡವೆಂದು ಗಿಡದಡಿಯಲ್ಲಿ ಮಲಗಿದ ವೃತ್ತಾಂತವು ನಮ್ಮ ಓದುಗರಿಗೆ ತಿಳಿದದ್ದೇ. ದೇವದೂತನು ಅವನಿಗೆ ಮೊದಲು ಕೊಟ್ಟದ್ದು ಉಪದೇಶವನ್ನಲ್ಲ, ರೊಟ್ಟಿಯನ್ನೂ ನೀರನ್ನೂ. ಉಂಡು ಮತ್ತೆ ಮಲಗಿದವನನ್ನು ಗದರಿಸದೆ, ಇನ್ನೊಮ್ಮೆ ಎಬ್ಬಿಸಿ ಉಣ್ಣೆಂದನು. ಧೈರ್ಯ ತಂದುಕೋ ಎಂದು ಮಕ್ಕಳಿಗೆ ಹೇಳಿ ಮುಗಿಸುವ ಹಿರಿಯರು, ಅಧ್ಯಾಪಿನಿಯರೂ ಸೇರಿ, ಈ ಭಾಗವನ್ನು ಅವಸರದಿಂದ ಓದುತ್ತಾರೋ ಏನೋ.

ಗಣಿತ ಪತ್ರಿಕೆಯ ದಿನ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು. “ಎಲ್ಲಾ ಮರೆತುಹೋಯಿತು, ಅಮ್ಮಾ” ಎಂದಳು. ತಂದೆಗೆ ಮೂರು ತಿಂಗಳಿಂದ ಕೂಲಿಯಿರಲಿಲ್ಲ. ಬೆಳಗ್ಗೆ ಅವಳು ಏನೂ ತಿಂದಿರಲಿಲ್ಲ. ಆಯಮ್ಮನು ತನ್ನ ಬುತ್ತಿಯಿಂದ ಬಾಳೆಹಣ್ಣನ್ನು ತೆಗೆದುಕೊಟ್ಟಳು. ನೀರು ಕುಡಿಸಿ, ಉಸಿರನ್ನು ನಿಧಾನವಾಗಿ ಬಿಡೆಂದೆವು. ಹೆದರಿಕೆಯಲ್ಲಿ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರಿ ಎದೆ ಬಡಿದುಕೊಳ್ಳುತ್ತದೆ, ಓದಿದ್ದು ಕ್ಷಣಕಾಲ ನೆನಪಿಗೆ ಒದಗದು. ಉಸಿರು ನಿಧಾನವಾದರೆ ಎದೆಬಡಿತವೂ ಇಳಿಯುತ್ತದೆ. ಲೆಕ್ಕದ ಮಾತು ಬೇಡ, ಮೊದಲು ನಿನ್ನ ಸಂಖ್ಯೆಯನ್ನು ಬರೆ ಎಂದು ಕಳುಹಿಸಿದೆವು. ಕಿಟಕಿಯಿಂದ ನೋಡಿದಾಗ ಬರೆಯುತ್ತಿದ್ದಳು.

ಬಾಳೆಹಣ್ಣಿನಿಂದ ಇಳಿಯದ ಭಾರಗಳೂ ಇವೆ. 2022ರ ಅಕ್ಟೋಬರಿನಲ್ಲಿ ಸರಕಾರವು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. 14416ಕ್ಕೆ ಫೋನು ಮಾಡಿದರೆ, ಮನಸ್ಸು ಕುಗ್ಗಿದವರ ಮಾತನ್ನು ಕೇಳತಕ್ಕವರು ಸಿಕ್ಕುತ್ತಾರೆ, ಹಣ ಕೊಡಬೇಕಾದದ್ದಿಲ್ಲ. ಆ ಸಂಖ್ಯೆಯನ್ನು ಕುಡಿಯುವ ನೀರಿನ ನಲ್ಲಿಯ ಮೇಲುಗಡೆ ಗೋಡೆಗೆ ಬರೆಯಿಸಿದ್ದೇವೆ. ನೀರಿನ ನೆವದಿಂದ ಬಂದು ಅದನ್ನು ಅಂಗೈಯಲ್ಲಿ ಬರೆದುಕೊಂಡು ಹೋಗುವ ಹುಡುಗಿಯ ಹೆಸರನ್ನು ನಾವು ಕೇಳುವುದಿಲ್ಲ. ಪೋಷಕರೇ, ಮನೆಯಲ್ಲಿ ಆ ಬರಹವು ನಿಮ್ಮ ಕಣ್ಣಿಗೆ ಬಿದ್ದರೆ, ಏನನ್ನಾದರೂ ಕೇಳುವ ಮೊದಲು ಅವಳಿಗೆ ಊಟ ಬಡಿಸಿರಿ.